ಹದಿನೇಳು ಒಂದುಗಳು

ಫೆಬ್ರವರಿ ೩೦, ೨೪೧೮
ಹದಿನೇಳು ನಡುಗಡ್ಡೆಗಳ ಊರು, ಕಾರವಾರದಿಂದ ಪಡುವಣಕ್ಕೆ

ಹಿಂದಿನ ಕಾಲದ ಹಿರಿಯರಿಗೆ ಸುಮನಾ ಹರಿಕಂತ್ರಳ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರವೆನಿಸಿದರೆ ಮನ್ನಿಸಿ.

ಸಮುದ್ರ ಏರಿದ ಮೇಲೆ ನಮ್ಮ ಪೂರ್ವಜರು ಹದಿನೇಳು ನಡುಗಡ್ಡೆ ಕಟ್ಟಿ, ಸುತ್ತ ಗೋಡೆ ಎಬ್ಬಿಸಿದರು. ಗಡ್ಡೆಗೊಂದರಂತೆ ಹದಿನೇಳು ಒಂದುಗಳನ್ನು ಗೋಡೆಯ ಮೇಲೆ ಸಾಲಾಗಿ ಕೆತ್ತಿಸಿ, ಆ ಹದಿನೇಳಂಕಿಯ ಸಂಖ್ಯೆಗೆ ‘ಅಖಂಡ’ ಎಂದು ಹೆಸರಿಟ್ಟರು. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಅದು ಭಾಗವಾಗದೆಂಬ ನಂಬಿಕೆ. ಮದುಮಗಳ ಕೊರಳಿಗೆ ಹದಿನೇಳು ಮಣಿ, ಕೂಸಿನ ತೊಟ್ಟಿಲಿಗೆ ಹದಿನೇಳು ಗಂಟು. ಉಪ್ಪುನೀರನ್ನು ಸಿಹಿಮಾಡುವ ‘ಸೋಸುಮನೆ’ಗೇ ವಿದ್ಯುತ್ತು ಸಾಲದೆ ಲೆಕ್ಕದ ಯಂತ್ರಗಳು ನಿಂತುಹೋಗಿದ್ದವು, ನಂಬಿಕೆಯನ್ನು ಪರೀಕ್ಷಿಸಲು ಯಾರೂ ಹೋಗಲಿಲ್ಲ.

ನಾನು ಚಿಕ್ಕವಳಿದ್ದಾಗ, ಮುಳುಗಿದ ಎರಡು ಊರುಗಳ ಜನ ದೋಣಿಗಳಲ್ಲಿ ಬಂದು ಗೋಡೆಯಾಚೆ ಲಂಗರು ಹಾಕಿದರು. ಪಕ್ಕದಲ್ಲೇ ಎರಡು ಗಡ್ಡೆ ಕಟ್ಟಿಕೊಂಡು ನಮ್ಮೊಡನೆ ಇರುತ್ತೇವೆಂದು ಕೇಳಿಕೊಂಡರು. ಊರಿನ ಯಜಮಾನ ದಾಮೋದರ ತಾಂಡೇಲರು ಒಪ್ಪಲಿಲ್ಲ. “ಹದಿನೇಳಿದ್ರೆ ನಮ್ಮನ್ನ ಯಾರೂ ಒಡೆಯೂಕೆ ಆಗೂದಿಲ್ಲ. ಹೆಚ್ಚಾದ್ರೆ ಊರೇ ಒಡೀತದೆ,” ಎಂದರು.

ನನ್ನ ಅಕ್ಕ ತುಳಸಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಖಂಡ ಒಡೆಯುತ್ತದೆಂದು ತೋರಿಸಿಕೊಟ್ಟರೆ ತಾಂಡೇಲರ ನೆವ ಬಿದ್ದುಹೋದೀತೆಂದು ಅವಳು ಕೈಯಿಂದಲೇ ಭಾಗಿಸತೊಡಗಿದಳು. ಅಖಂಡವನ್ನು ಭಾಗಿಸಬಲ್ಲ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕೆಂದು ಕಂಡುಕೊಂಡು, ಅಂಥವನ್ನಷ್ಟೇ ಆರಿಸಿದಳು. ಆದರೂ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ದೋಣಿಗಳಲ್ಲಿ ಮಕ್ಕಳು ಹುಟ್ಟಿದರು, ಕೆಲವರು ಜ್ವರದಿಂದ ಸತ್ತರು. ನಾವು ಗೋಡೆಯ ಮೇಲಿಂದ ಹಗ್ಗ ಕಟ್ಟಿ ಸಿಹಿನೀರು ಇಳಿಸುತ್ತಿದ್ದೆವು.

ಕೊನೆಗೆ ಸಿಕ್ಕಿತು: ೨೦೭೧೭೨೩. ತುಂಬಿದ ಸಭೆಯಲ್ಲಿ ಅಕ್ಕ ಅದನ್ನು ೫೩೬೩೨೨೨೩೫೭ರಿಂದ ಗುಣಿಸಿದಳು. ಹಲಗೆಯ ಮೇಲೆ ಒಂದರ ಪಕ್ಕ ಒಂದು, ಹದಿನೇಳು ಒಂದುಗಳು ಮೂಡಿದವು. ಯಾರೋ ಮುದುಕಿ ಅಳತೊಡಗಿದಳು.

ತಾಂಡೇಲರು ಎದ್ದು ಹಲಗೆಯ ಹತ್ತಿರ ಬಂದರು. “ಲೆಕ್ಕ ಸರಿ ಇದ್ದೀತು ತುಳಸಿ. ಆದ್ರೆ ಒಡೆಯೂ ಊರಿಗೆ ಮತ್ತೆರಡು ಹೊರೆ ಎಂತಕೆ?”

“ಹಾಗಾರೆ ಲೆಕ್ಕ ನಿಮ್ಗೆ ಯಾವತ್ತೂ ಬೇಕಿರ್ಲಿಲ್ಲ,” ಎಂದಳು ಅಕ್ಕ.

ಸಭೆಯಲ್ಲಿ ಒಬ್ಬರೂ ಅವಳ ಪರ ಏಳಲಿಲ್ಲ. ಆ ಮಳೆಗಾಲದ ಮೊದಲ ಬಿರುಗಾಳಿಗೆ ದೋಣಿಗಳು ಲಂಗರು ಕಿತ್ತುಕೊಂಡು ಹೋದವು. ಒಂದೂ ಮರಳಲಿಲ್ಲ.

ವರ್ಷಗಳ ಮೇಲೆ ವಿದ್ಯುತ್ತು ಬಂತು, ಯಂತ್ರಗಳು ಎದ್ದವು. ಹತ್ತೊಂಬತ್ತು ಒಂದುಗಳ ಸಂಖ್ಯೆ ಒಂದರಿಂದ ಮತ್ತು ತನ್ನಿಂದಲ್ಲದೆ ಯಾವುದರಿಂದಲೂ ಭಾಗವಾಗದೆಂದು ಅವು ತಿಳಿಸಿದವು. ಆ ಎರಡು ಊರು ಸೇರಿದ್ದರೆ ನಾವು ಹತ್ತೊಂಬತ್ತಾಗುತ್ತಿದ್ದೆವು. ಕಿರಿಯರು ಕಡಲಗೋಡೆಗೆ ಮತ್ತೆರಡು ಒಂದುಗಳನ್ನು ಕೆತ್ತಿದ್ದಾರೆ. ಅವುಗಳಿಗೆ ಗಡ್ಡೆಯಿಲ್ಲ, ಜನರಿಲ್ಲ.

ಅಕ್ಕ ಅದನ್ನು ನೋಡಲು ಬರಲಿಲ್ಲ. ಹಾಸಿಗೆ ಹಿಡಿದಿದ್ದಳು. ತೀರಿಹೋಗುವ ಮುಂಚೆ ನನ್ನ ಕೈ ಹಿಡಿದು, “ನಾಲ್ಕು ವರ್ಷ ಭಾಗ್ಸುತ್ತ ಕೂತೆ, ಸುಮನಾ. ಒಂದು ಏಣಿ ಇಳಿಸಿದ್ರೆ ಆಗ್ತಿತ್ತು,” ಎಂದಳು.

ನಿಮ್ಮ ಕಾಲದ ಕಡಲು ಇನ್ನೂ ಕೆಳಗಿದೆ. ನಮ್ಮ ಗೋಡೆ ಕಟ್ಟುವವರು ನಿಮ್ಮ ಮೊಮ್ಮಕ್ಕಳ ಮಕ್ಕಳು. ಹೊರಗಿನಿಂದ ಹತ್ತಿ ಬರಲು ಅದಕ್ಕೆ ಮೆಟ್ಟಿಲು ಇಡುವಂತೆ ಅವರಿಗೆ ಹೇಳಿಹೋಗಿ.