ಒಂದು ಚುಕ್ಕಿಗಾಗಿ ಖಾನಾಪುರದ ಫ್ಲಾಪಿ ಅಳಿಸಬೇಡಿ

ಅನಗೋಳ, ಬೆಳಗಾವಿ
೧೨ ನವೆಂಬರ್ ೧೯೮೭

ಜಿಲ್ಲಾ ಗಣಕ ಕೇಂದ್ರದ ನಿರ್ದೇಶಕರೇ,

ಈ ತಿಂಗಳ ಕೊನೆಯ ದಿನ ಖಾನಾಪುರ ಶಾಖೆಯ ಹಳೆಯ ಫ್ಲಾಪಿಗಳನ್ನೆಲ್ಲ ತರಿಸಿ ಅಳಿಸಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಇಂಥ ಅವಿವೇಕದ ಸಲಹೆ ಕೊಟ್ಟ ಮಹಾಶಯ ಯಾರೆಂದು ಕೇಳಲು ನನಗೆ ಬಾಯಿಲ್ಲ. ಅದು ನಾನೇ. ಆದೇಶದಲ್ಲಿ ತಾವು 'ದೂರದೃಷ್ಟಿ' ಎಂದು ಹೊಗಳಿದ್ದೂ ನನ್ನನ್ನೇ. ಆ ಕಾಗದಕ್ಕೆ ಚೌಕಟ್ಟು ಹಾಕಿಸಲು ಕೊಟ್ಟು ಬಂದಿದ್ದೆನೆಂಬುದನ್ನೂ ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ.

ಸಮಸ್ಯೆ ಖರೆಯೇ ಇತ್ತು. ನಮ್ಮ ಕೇಂದ್ರಕ್ಕೆಂದು ನಾನು ರೂಪಿಸಿದ ಪ್ರೋಗ್ರಾಂ ಭಾಷೆಯಲ್ಲಿ ಬೆಳಗಾವಿಯವರೂ 'ಹುಡುಕು' ಎಂಬ ಹೆಸರಿನ ತುಣುಕು ಬರೆದಿದ್ದರು, ಖಾನಾಪುರದವರೂ ಬರೆದಿದ್ದರು. ಎರಡನ್ನೂ ಒಂದೇ ಯಂತ್ರಕ್ಕೆ ಹಾಕಿದರೆ ಒಂದು ಇನ್ನೊಂದನ್ನು ನುಂಗುತ್ತಿತ್ತು. ಹೆಸರಿನ ಮುಂದೆ ಊರು ಸೇರಿಸೋಣವೆಂದೆ. ಆದರೆ ಊರಿಗೂ ಹೆಸರಿಗೂ ನಡುವೆ ಯಾವ ಗುರುತು? ಮೂರು ತಿಂಗಳು ತಲೆ ಕೆಡಿಸಿಕೊಂಡು ನಾನು ಆರಿಸಿದ್ದು ಚುಕ್ಕಿ. ಕಾರಣ? ನೋಡಲು ಚೆಂದ! ಅದೇ ಚುಕ್ಕಿ ಹಳೆಯ ಪ್ರೋಗ್ರಾಂಗಳಲ್ಲಿ ವಾಕ್ಯ ಮುಗಿಸುವ ಗುರುತಾಗಿತ್ತು. ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆದುಕೊಳ್ಳಲಿ ಎಂದು ದೊಡ್ಡಸ್ತಿಕೆಯಿಂದ ಷರಾ ಬರೆದೆ. ಬರೆಯುವವನು ನಾನಲ್ಲವಲ್ಲ.

ಖಾನಾಪುರ ಶಾಖೆಯನ್ನು ಒಬ್ಬರೇ ನಡೆಸುವ ಕಾಂತಾಬಾಯಿ ಆಗಲೇ ಹೇಳಿದ್ದರು. "ಸರ್, ನಮ್ಮೂರಾಗ ಬಾಳಪ್ಪ ಅಂದ್ರ ನಮ್ಮೂರ ಬಾಳಪ್ಪ. ಲೋಂಡಾದ ಬಾಳಪ್ಪ ಬೇಕಾದ್ರ ಅಷ್ಟ ಲೋಂಡಾ ಅಂತೀವಿ. ಊರು ಹೇಳದಿದ್ರ ತನ್ನೂರ ಅಂತ ಮಶೀನ್ ತಿಳ್ಕೊಳ್ಳಲಿ. ಹೊರಗಿನದಕ್ಕ ನಾಕು ಚುಕ್ಕಿ ಇಡ್ರಿ, ಮ್ಯಾಲೆರಡು ಕೆಳಗೆರಡು. ಅದನ್ನ ಇನ್ನೂ ಯಾರೂ ಬಳಸಿಲ್ಲ."

ನಾನು ನಕ್ಕೆ. ನಾಲ್ಕು ಚುಕ್ಕಿ ಕುರೂಪ ಎಂದೆ. ಇದನ್ನೇ ಅವರು ತಮಗೂ ಪತ್ರ ಬರೆದು ತಿಳಿಸಿದ್ದರು. ನನ್ನ ಹನ್ನೆರಡು ಪುಟದ ಟಿಪ್ಪಣಿಗೆ ಒಂದೇ ಬೆಳಗಿನಲ್ಲಿ ಸಹಿ ಹಾಕಿದ ತಮಗೆ ಅವರ ಒಂದು ಪುಟ ಓದಲು ಇನ್ನೂ ಪುರಸತ್ತು ಸಿಕ್ಕಿಲ್ಲವೇ?

ಹೋದ ಶುಕ್ರವಾರ ಊರಿನ ಚುಕ್ಕಿ ಸೇರಿಸಿದ ನನ್ನ ಹೊಸ ಭಾಷೆಯನ್ನು ಜೇಬಿನಲ್ಲಿಟ್ಟುಕೊಂಡು ಲೋಂಡಾ ಪ್ಯಾಸೆಂಜರ್ ಹತ್ತಿ ಖಾನಾಪುರಕ್ಕೆ ಹೋದೆ. ಯಂತ್ರಕ್ಕೆ ಹಾಕಿ ಭಾಷಣ ಶುರುಮಾಡಿದ್ದೆ, ಬಂಡೆಪ್ಪ ಎಂಬ ಕುರಿಗಾರ ಓಡಿಬಂದ. ಅವನ ಹೆಂಡತಿ ಮಾಯಕ್ಕ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಳು. ರಕ್ತ ನಿಲ್ಲುತ್ತಿರಲಿಲ್ಲ.

"ಬಾಯಾರ, ಡಾಕ್ಟರ್ ಚೀಟಿ ಕೊಟ್ಟಾರ್ರಿ. ಈ ಜಾತಿ ರಕ್ತ ಯಾರದೈತಿ ನೋಡ್ರಿ, ಲಗೂನ!"

ರಕ್ತ ಕೊಡುವವರ ಪಟ್ಟಿ ಇರುವುದು ಆ ಶಾಖೆಯಲ್ಲೇ. ಕಾಂತಾಬಾಯಿ ತಮ್ಮ 'ಹುಡುಕು' ನಡೆಸಿದರು. ವಾಕ್ಯದ ಕೊನೆಯ ಚುಕ್ಕಿಯನ್ನು ನನ್ನ ಭಾಷೆ ಊರಿನ ಗುರುತೆಂದು ತಿಳಿದು ಮೊದಲ ಸಾಲಿಗೇ ಕೈಚೆಲ್ಲಿತು. ಪರದೆ ಖಾಲಿ.

"ಯಾರೂ ಇಲ್ಲೇನ್ರಿ ಹಂಗಾರ?" ಎನ್ನುತ್ತ ಬಂಡೆಪ್ಪ ಆ ಚೀಟಿಯನ್ನೇ ಖಾಲಿ ಪರದೆಗೆ ಹಿಡಿದ.

ಆಗ ನಾನು ಮಾಡಿದ್ದೇನು ಗೊತ್ತೇ? "ಗಾಬರಿಯಾಗಬೇಡ, ಇದು ಬರೀ ವಾಕ್ಯರಚನೆಯ ದೋಷ" ಎಂದು ಆ ಮನುಷ್ಯನಿಗೆ ವಿವರಿಸತೊಡಗಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಸರ್, ಸ್ವಲ್ಪ ಬಾಜೂಕ ಸರೀರಿ," ಎಂದ ಕಾಂತಾಬಾಯಿ ಕಪಾಟಿನಿಂದ ಹಳೆಯ ಭಾಷೆಯೂ ಇದ್ದ ಹಳೆಯ ಫ್ಲಾಪಿ ತೆಗೆದು ಯಂತ್ರಕ್ಕೆ ಹಾಕಿದರು. ನಿಮಿಷದಲ್ಲಿ ಹೆಂಚಿನ ಕಾರ್ಖಾನೆಯ ಉಳವಪ್ಪನ ಹೆಸರು ಬಂತು. ಆತ ಕೈಯ ಮಣ್ಣನ್ನೂ ತೊಳೆಯದೆ ಸೈಕಲ್ ತುಳಿದು ಬಂದ. ಮಾಯಕ್ಕ ಉಳಿದಳು.

ತಾವು ಅಳಿಸಹೊರಟಿರುವುದು ಆ ಫ್ಲಾಪಿಯನ್ನೇ. ಆದೇಶವನ್ನು ಕೂಡಲೇ ಹಿಂಪಡೆಯಿರಿ. ಹಳೆಯ ಪ್ರೋಗ್ರಾಂಗಳು ಇದ್ದಂತೆಯೇ ನಡೆಯಲಿ. ಆ ಕುರೂಪಿ ನಾಲ್ಕು ಚುಕ್ಕಿಗಳನ್ನೇ ಕಾಂತಾಬಾಯಿಯವರ ಹೆಸರಿನಲ್ಲಿ ಜಾರಿಗೆ ತನ್ನಿ. ಇದಾಗದಿದ್ದರೆ ಫ್ಲಾಪಿ ಒಯ್ಯಲು ಜವಾನನನ್ನು ಕಳಿಸಬೇಡಿ, ತಾವೇ ಬನ್ನಿ. ಮಾಯಕ್ಕ ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ, ಕೂಸು ಪಕ್ಕದಲ್ಲಿದೆ. ಆ ಫ್ಲಾಪಿಯನ್ನು ಏಕೆ ಅಳಿಸುತ್ತಿದ್ದೇವೆಂದು ಅವಳಿಗೆ ತಾವೇ ಹೇಳಿ. ನಾನು ಹೇಳಲು ಹೋಗಿದ್ದೆ, ಬಾಗಿಲಿನಿಂದಲೇ ತಿರುಗಿ ಬಂದೆ.

ಇಂತಿ,
ಬುದ್ಧಿ ಬರಲು ಖಾನಾಪುರದವರೆಗೆ ಟಿಕೆಟ್ ತೆಗೆಸಬೇಕಾಗಿ ಬಂದ
ಗುರುಪಾದಪ್ಪ