ಹುಳುಮನೆ ಕಟ್ಟೋದು ಹೇಳ್ಕೊಡ್ತೀರಾ?

ಅಪ್ಪಾ,

ನಮ್ಮ ಕೆಂಚಾರ್ಲಹಳ್ಳಿಗೆ ಎಸ್‌ಟಿಡಿ ಬೂತು ಬಂದಿದೆ. ನಿನ್ನೆ ಅಣ್ಣ ಅಲ್ಲಿಂದ ಬೆಂಗಳೂರಿನ ನನ್ನ ಆಫೀಸಿಗೆ ಫೋನು ಮಾಡಿ ಒಂದು ಸುದ್ದಿ ಹೇಳಿದ. ಕೇಳಿದ ತಕ್ಷಣ ನಿನಗೆ ಹೇಳಬೇಕು ಅನ್ನಿಸಿತು. ಆಮೇಲೆ ನೆನಪಾಯಿತು... ಅದಕ್ಕೇ ಈ ಕಾಗದ. ಸುದ್ದಿ ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮಿಬ್ಬರ ಜಗಳವೊಂದು ಹಾಗೇ ಉಳಿದುಬಿಟ್ಟಿದೆಯಲ್ಲ?

ಚಿಂತಾಮಣಿಯಲ್ಲಿ ಪಿಯುಸಿ ಮುಗಿಸಿ, ಆರ್ಕಿಟೆಕ್ಚರ್ ಓದುತ್ತೇನೆ ಎಂದು ನಾನು ಹಟ ಹಿಡಿದ ದಿನ ನೆನಪಿದೆಯಾ? "ಹೆಣ್ಮಗೂನ ಗಾರೆ ಕೆಲಸಕ್ಕೆ ಓದಿಸ್ತೀಯಾ?" ಎಂದು ಅಮ್ಮ ನಿನ್ನ ಮೇಲೆ ರೇಗಿದಳು. "ಕಟ್ಟೋಕಲ್ಲ ಕಣೇ, ಹಿಂಗೆ ಕಟ್ರಿ ಅಂತ ಹೇಳೋಕೆ" ಎಂದೆ ನೀನು. ಕಾರ್ಡು ಬರೆದು ತರಿಸಿಕೊಂಡ ಕಾಲೇಜುಗಳ ಪುಸ್ತಕಗಳನ್ನು ಜಗುಲಿಯ ಮೇಲೆ ಹರಡಿಕೊಂಡು ಯಾವುದಕ್ಕೆ ಅರ್ಜಿ ಹಾಕಲಿ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಇಂಗ್ಲಿಷ್ ಓದಲು ಬಾರದ ನೀನು ಫೋಟೋಗಳನ್ನೆಲ್ಲ ತಿರುವಿ ನೋಡಿ, "ರೇಷ್ಮೆಗೂಡು ನೋಡ್ದೆ ಯಾರಾದ್ರೂ ಹರಾಜು ಕೂಗ್ತಾರೇನಮ್ಮ? ನಡಿ, ನೋಡ್ಕೊಂಡು ಬರಣ" ಎಂದು ಎದ್ದುಬಿಟ್ಟೆ.

ಹೊರಡುವಾಗ ನನ್ನ ಮನಸ್ಸಿನಲ್ಲಿ ಹತ್ತಾರು ವಿಷಯಗಳಿದ್ದವು. ಲೈಬ್ರರಿ, ಹಾಸ್ಟೆಲು, ಯಾವ ವರ್ಷ ಏನು ಕಲಿಸುತ್ತಾರೆ, ಎಲ್ಲ. ನಿನ್ನದು ಒಂದೇ ಪ್ರಶ್ನೆ: "ಹುಳುಮನೆ ಕಟ್ಟೋದು ಹೇಳ್ಕೊಡ್ತೀರಾ?" ರೇಷ್ಮೆಹುಳು ಸಾಕಲೆಂದೇ ಬೇರೆ ಮನೆ ಬೇಕೆಂಬುದು ನಿನ್ನ ಆಸೆ. ಆಗ ನನಗೆ ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಮಗಿದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರಲ್ಲ, ಆ ನಾಲ್ಕನೇ ಜ್ವರ ಎದ್ದಮೇಲೆ ಹುಳುಗಳ ತಟ್ಟೆಗಳೇ ನಡುಮನೆ ತುಂಬಿಕೊಳ್ಳುತ್ತಿದ್ದವು. ಚಳಿಯಾದರೆ ಅವಕ್ಕೆ ಒಳಗೆ ಕೆಂಡದ ಬಾಣಲೆ. ನಾವು ಜಗುಲಿಗೆ.

ಮೈಸೂರಿನ ಕಾಲೇಜಿನಲ್ಲಿ, ಅದು ಪಾಠದಲ್ಲಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದರು. ಬೆಂಗಳೂರಿನ ಮೊದಲನೆಯದರಲ್ಲಿ "ಎಲ್ಲಾನೂ ಹೇಳ್ಕೊಡ್ತೀವಿ ಯಜಮಾನ್ರೆ" ಎಂದರು. ನಿನ್ನ ಮುಖ ಅರಳಿತು. ಎರಡನೆಯದರಲ್ಲಿ ಆ ದಪ್ಪ ಕನ್ನಡಕದ ಮೇಷ್ಟ್ರು "ನನಗೆ ಗೊತ್ತಿಲ್ಲ. ಕೂತ್ಕೊಳ್ಳಿ, ನೀವೇ ಹೇಳಿ" ಎಂದು ಕುರ್ಚಿ ಎಳೆದರು. ಹುಳು ಏನು ತಿನ್ನುತ್ತೆ? ಗಾಳಿ ಎಲ್ಲಿಂದ ಬರಬೇಕು? ಯಾವೂರು, ಯಾವ ಬಸ್ಸು? ನೀನು ಬೆವರುತ್ತಾ ಅವರ ಹಾಳೆಯ ಮೇಲೆ ನಮ್ಮ ಮನೆಯ ನಕ್ಷೆ ಗೀಚಿದೆ. ನನಗೆ ಆ ಮೇಷ್ಟ್ರೇ ಇಷ್ಟವಾದರು.

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ಜಗಳ ಶುರುವಾಯಿತಲ್ಲ. ಗೂಡಿನ ಮಾರುಕಟ್ಟೆಯ ಕಡೆ ಕೈ ತೋರಿಸಿ ನೀನು ಹೇಳಿದೆ: "ಗೂಡಿಗೆ ಕೈ ಹಾಕಿ, ಕಿವಿ ಹತ್ರ ಅಲ್ಲಾಡ್ಸಿ, ನೂರೆಂಟು ಕೇಳೋ ನೂಲು ತೆಗೆಯೋ ರೀಲರ್ ಯಾವತ್ತಾದ್ರೂ ಹರಾಜು ಕೂಗಿದಾನಾ? ಕೊಳ್ಳೋನು ಒಂದು ಮಾತಲ್ಲಿ ಮುಗಿಸ್ತಾನೆ. ಆ ಮೇಷ್ಟ್ರು ಬರೀ ಕೇಳೋ ಗಿರಾಕಿ ಕಣಮ್ಮ. ಆಗುತ್ತೆ ಅಂದೋರ ಕಾಲೇಜಿಗೇ ಹಾಕು." ಗೂಡಿನ ವ್ಯಾಪಾರವೂ ಓದೂ ಒಂದೇನಾ ಎಂದು ನಾನು ಕಿಟಕಿಗೆ ಮುಖ ತಿರುಗಿಸಿದೆ. ಊರು ಬಂದಾಗಲೂ ನಮ್ಮ ಜಗಳ ಮುಗಿದಿರಲಿಲ್ಲ.

ಆ ವಾರವೇ ಮಳೆಗಾಳಿ ಹಿಡಿಯಿತು. ನಿನ್ನ ಕೆಮ್ಮು ಎದೆಗಿಳಿಯಿತು. ಬೆಚ್ಚಗೆ ಒಳಗೆ ಮಲಗಿಸಿ ಎಂದರು ಚಿಂತಾಮಣಿಯ ಡಾಕ್ಟರು. "ನಾನು ಒಳಗೆ ಮಲಗಿದ್ರೆ ತಟ್ಟೆ ಎಲ್ಲಿಡ್ತೀರಿ?" ಎಂದು ನೀನು ಕಂಬಳಿ ಹೊದ್ದು ಜಗುಲಿಯಲ್ಲೇ ಉಳಿದೆ. ಒಳಗೆ ಹುಳುಗಳಿಗೆ ಕೆಂಡ ಉರಿಯುತ್ತಿತ್ತು. ಜಗುಲಿಯಲ್ಲೇ ನೀನು... ಸೂತಕದವರು ಹುಳು ಮುಟ್ಟಬಾರದೆಂದು ಪಕ್ಕದ ಮನೆಯವರು ಬಂದು ಸೊಪ್ಪು ಹಾಕಿದರು. ನಿನ್ನನ್ನು ಮಲಗಿಸಲು ನಮ್ಮದೇ ಮನೆಯೊಳಗೆ ಜಾಗವಿರಲಿಲ್ಲ, ಅಪ್ಪಾ. ಇವತ್ತಿಗೂ ನನಗೆ ಅದನ್ನು ತಡೆದುಕೊಳ್ಳಲಾಗುವುದಿಲ್ಲ.

ನಿನ್ನ ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕೊಡೆ ಹಿಡಿದುಕೊಂಡು ಯಾರೋ ಬಂದರು. ಕಂಕುಳಲ್ಲಿ ಸುತ್ತಿದ ಹಾಳೆ. ಅದೇ ಮೇಷ್ಟ್ರು! "ಯಜಮಾನರು ಬರೆದುಕೊಟ್ಟ ಚಿತ್ರ ಪೂರ್ತಿ ಅರ್ಥ ಆಗಲಿಲ್ಲ. ಮನೆ ನೋಡಿಕೊಂಡೇ ಹೋಗೋಣ ಅಂತ ಬಂದೆ. ಇದ್ದಾರಾ?" ಎಂದರು. ಅಮ್ಮ ನಿನಗೆಂದು ಮೂಲೆಯಲ್ಲಿ ಹಚ್ಚಿಟ್ಟಿದ್ದ ದೀಪ ತೋರಿಸಿದಳು. ಅವರು ಜಗುಲಿಯಲ್ಲೇ ಕೂತರು. ನಡುಮನೆಯ ತಟ್ಟೆಗಳನ್ನು ನೋಡಿ ಒಂದೇ ಒಂದು ಮಾತು ಕೇಳಿದರು: "ಹುಳುಗಳೆಲ್ಲ ಒಳಗಿದ್ದರೆ ನೀವೆಲ್ಲ ಎಲ್ಲಿ ಮಲಗ್ತೀರಮ್ಮ?"

ಅಮ್ಮ ನೀನು ಮಲಗುತ್ತಿದ್ದ ಜಾಗದ ಮೇಲೆ ಅಂಗೈ ಇಟ್ಟು "ಇಲ್ಲೇ ಸ್ವಾಮಿ" ಎಂದಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದವಳು ಅವತ್ತು ಗೋಳೋ ಎಂದು ಅತ್ತಳು. ಅವರು ಹೋದಮೇಲೆ ನನ್ನನ್ನು ಕರೆದು, "ಆ ಮೇಷ್ಟ್ರ ಹತ್ರಾನೇ ಓದ್ಕೊಳಮ್ಮ" ಎಂದಳು. ಅಲ್ಲಿಗೇ ಅರ್ಜಿ ಹಾಕಿದೆ, ಅಪ್ಪಾ. ನೀನಿದ್ದಿದ್ದರೆ ಒಪ್ಪುತ್ತಿದ್ದೆಯಾ? "ಅಯ್ಯೋ ನಿನ್ನ, ಕೂಗೇಬಿಟ್ನಲ್ಲ ಗಿರಾಕಿ!" ಎಂದು ನಗುತ್ತಿದ್ದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿನ್ನ ಬಾಯಿಂದ ಕೇಳಲಾಗಲಿಲ್ಲವಲ್ಲ.

ಈಗ ಸುದ್ದಿ. ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಹುಳುಮನೆ ಎದ್ದಿದೆ. ನಕ್ಷೆ ನನ್ನದು. ಗಾಳಿ ನೀನು ಹಾಳೆಯಲ್ಲಿ ಬಾಣ ಹಾಕಿ ತೋರಿಸಿದ್ದ ಕಡೆಯಿಂದಲೇ ಬರುತ್ತದೆ. ಈ ಬೆಳೆಯ ಹುಳುಗಳು ನಾಲ್ಕನೇ ಜ್ವರ ಎದ್ದಿವೆಯಂತೆ, ಎಲ್ಲ ಅಲ್ಲೇ. ಅಮ್ಮ ನಡುಮನೆಯಲ್ಲಿ ಮಲಗಿದ್ದಾಳಂತೆ. ಆದರೆ ಗೋಡೆಯ ಪಕ್ಕ, ಗಾಳಿ ತಾಗದ ಕಡೆ, ಒಂದು ಚಾಪೆಯಷ್ಟು ಜಾಗ ಬಿಟ್ಟು ಇತ್ತ ಮಲಗುತ್ತಾಳಂತೆ. ಯಾಕಮ್ಮ ಎಂದು ಅಣ್ಣ ಕೇಳಿದ್ದಕ್ಕೆ, "ಇರ್ಲಿ ಬಿಡಪ್ಪ, ಅವರು ಒಳಗೆ ಮಲಕ್ಕೊಳ್ಲಿ" ಎಂದಳಂತೆ.