ಎರಡನೇ ಕಾವು

ದಾದರ್, ಮುಂಬಯಿ
ತಾ. ೧೪-೧೧-೧೯೫೬

ಮಗಳೇ ದಾನವ್ವ,

ನಿನಗೂ ಕೂಸಿಗೂ ನಿನ್ನವ್ವನ ತುಂಬು ಆಶೀರ್ವಾದ. ಕೂಸಿಗೆ ಕೆಮ್ಮು ಅಂತ ಬರೆದಿದ್ದೀ. ಅದನ್ನು ಓದಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೈಲಹೊಂಗಲದಲ್ಲಿ ಈಗ ಚಳಿ ಶುರುವಾಗಿರುತ್ತದೆ. ಕೂಸಿನ ಕಿವಿಗೆ ಬಟ್ಟೆ ಕಟ್ಟದೆ ಹೊರಗೆ ಒಯ್ಯಬೇಡ. ನಿನ್ನ ಅಜ್ಜಿ ಬಸಲಿಂಗವ್ವ ಏನೇ ಅನ್ನಲಿ, ತಣ್ಣೀರಲ್ಲಿ ಕೈಯಿಟ್ಟು ಕೂಸನ್ನು ಮುಟ್ಟಬೇಡ. ಕೆಮ್ಮು ನಿಂತಿತೋ ಇಲ್ಲವೋ ಒಂದು ಕಾರ್ಡು ಹಾಕು. ಹಾಕುತ್ತೀ ತಾನೆ?

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಅರ್ಧಕ್ಕೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

“ಕೂಸನ್ನ ಹೊತ್ಕೊಂಡು ಆ ಮನಿಷ್ಯಾನ ಬಾಗಿಲಿಗೆ ನಾ ಬರೂದಿಲ್ಲ” ಅಂತ ಬರೆದಿದ್ದೀ. ನಿನ್ನ ಗಂಡ ಬರೆದ ಎರಡು ಪತ್ರಗಳನ್ನೂ ಒಡೆಯದೆ ತಿರುಗಿ ಕಳಿಸಿದ್ದೀ. ನೀನು ಹೀಗೆ ಮಾಡಿದ್ದು ನಾನು ಶ್ರಾವಣದಲ್ಲಿ ಬರೆದ ಪತ್ರ ನಂಬಿ. ಅಳಿಯ ಗದಿಗೆಪ್ಪನವರು ನನ್ನನ್ನು ಬಾಯಿಗೆ ಬಂದಂತೆ ಬೈದು ಮನೆ ಬಿಟ್ಟು ಹೋದರು ಅಂತ ಬರೆದಿದ್ದೆ. ಅವರು ಬೈಯಲಿಲ್ಲ ದಾನವ್ವ. ಒಂದು ಮಾತೂ ಬೈಯಲಿಲ್ಲ.

ಅವರು ನಮ್ಮ ಕುಲುಮೆಯಲ್ಲಿ ಮಾಟುಂಗದ ಹೋಟೆಲಿನ ಪೂವಪ್ಪನವರಿಗೆ ಹೊಸ ಚಾಕು ಮಾಡಿಕೊಡುತ್ತಿದ್ದದ್ದು ನಿನಗೆ ಗೊತ್ತಲ್ಲ. ಲಿಂಬೆ, ಬಾಳೆಕಾಯಿ ಕೊಯ್ದರೂ ಕಪ್ಪಾಗದ ಸ್ಟೇನ್‌ಲೆಸ್ ಉಕ್ಕಿನ ಚಾಕು. ನೀನು ಊರಿಗೆ ಹೋದ ಮೇಲೆ ಮೊದಲ ಚಾಕು ತಯಾರಾಯಿತು. ನಿಮ್ಮಪ್ಪ ಕಲಿಸಿದ ಹಾಗೆಯೇ ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದ್ದರು. ಅದು ಗಟ್ಟಿಯಾಗಲೇ ಇಲ್ಲ, ಅಲಗಿನ ಬಾಯಿ ಮಡಚಿಕೊಂಡಿತು. ಪೂವಪ್ಪನವರು ತಿರುಗಿಸಿ ನೋಡಿ, “ಮಾರಾಯ್ರೇ, ಇದು ಬೆಣ್ಣೆ ಕೊಯ್ಯುವುದಾ, ಇಲ್ಲ ಬೆಣ್ಣೆಯೇ ಇದನ್ನು ಕೊಯ್ಯುವುದಾ?” ಅಂತ ನಕ್ಕರಂತೆ. ಅಳಿಯನೂ ನಗುತ್ತಲೇ ಬಂದು ನನಗೆ ಹೇಳಿದರು. ಆದರೆ ಅವತ್ತು ಅವರಿಗೆ ಊಟ ಸೇರಲಿಲ್ಲ.

ಆಮೇಲೆ ಯಾರು ಯಾರನ್ನೋ ಕೇಳಿಕೊಂಡು ಬಂದರು. ಈ ಉಕ್ಕಿಗೆ ನಮ್ಮ ಕಬ್ಬಿಣದ ಕೆಂಪು ಸಾಲದಂತೆ. ಹಳದಿಗೆ ತಿರುಗುವವರೆಗೆ ಕಾಸಿ, ಆ ಬಣ್ಣದಲ್ಲೇ ಕೊಂಚ ಹೊತ್ತು ನಿಲ್ಲಿಸಿ, ಆಮೇಲೆ ಎಣ್ಣೆಗೆ ಅದ್ದಬೇಕಂತೆ. ಆಗ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಒಳಗೊಳಗೇ ಬಿಗಿದುಕೊಂಡಿರುತ್ತದೆ. ತಡಮಾಡದೆ ಬಿಸಿ ಉಸುಕಿನಲ್ಲಿ ಹುಗಿದು ಸಣ್ಣಗೆ ಎರಡನೇ ಕಾವು ಕೊಟ್ಟರೆ ಬಿಗಿತ ಇಳಿದು ಬಾಳುತ್ತದೆ. ಇಲ್ಲವಾದರೆ ತಾನೇ ಸೀಳುತ್ತದೆ.

ನಾಗರ ಅಮಾವಾಸ್ಯೆಯ ಹಿಂದಿನ ಸಂಜೆ ಅಷ್ಟೂ ಚಾಕುಗಳಿಗೆ ಮೊದಲ ಕಾವು ಮುಗಿಯಿತು. ಅಷ್ಟರಲ್ಲಿ ಇದ್ದಲಿ ತೀರಿ, ಎರಡನೇ ಕಾವು ಮರುದಿನಕ್ಕೆ ಉಳಿಯಿತು. ಮರುದಿನ ಬೆಳಿಗ್ಗೆ ಬಾಣಲೆಗೆ ಉಸುಕು ತುಂಬುವುದನ್ನು ನೋಡಿ ನಾನು ಅಡ್ಡ ನಿಂತೆ. ಅಮಾವಾಸ್ಯೆ ದಿನ ನಮ್ಮವರು ಕುಲುಮೆ ಹೊತ್ತಿಸುವುದಿಲ್ಲ, ಕಬ್ಬಿಣಕ್ಕೆ ಬೆಂಕಿ ತೋರಿಸುವುದಿಲ್ಲ. ನಿಮ್ಮಪ್ಪ ಜ್ವರದಲ್ಲಿ ಮಲಗಿದಾಗಲೂ ಅದನ್ನು ಪಾಲಿಸಿದವರು.

“ಅತ್ತಿ, ಕುಲುಮಿ ಬ್ಯಾಡ. ಅಡಗಿ ಒಲಿ ಮ್ಯಾಲ ಉಸುಕ ಕಾಸ್ತೀನಿ. ಹಪ್ಪಳ ಹುರದಂಗ ಅಷ್ಟ.”

“ಹಪ್ಪಳಕ್ಕ ಅಲಗು ಇರ್ತದೇನು? ಅಲ್ಲಿ ನಿಮ್ಮ ಹೇಣ್ತಿ ತುಂಬಿದ ಬಸುರಿ. ನಾಳೆ ಕೂಸಿಗೇನರ ಆದ್ರ ನನ್ನ ಮಾರಿ ನೋಡಬ್ಯಾಡ್ರಿ ಮತ್ತ!”

ಕೂಸಿನ ಮಾತು ಬಂದ ಕೂಡಲೇ ಅವರು ಬಾಣಲೆ ಕೆಳಗಿಟ್ಟರು.

ಅಮಾವಾಸ್ಯೆ ಕಳೆದು ಬೆಳಗಾಗುವಷ್ಟರಲ್ಲಿ ಚಾಕುಗಳು ಸೀಳಿದ್ದವು. ಕೆಲವಕ್ಕೆ ಕೂದಲೆಳೆಯಷ್ಟು ಬಿರುಕು, ಕೆಲವು ಹಿಡಿ ಹಾಕುವ ಕಡೆ ತುಂಡೇ ಆಗಿದ್ದವು. ಅಳಿಯ ಒಂದೊಂದನ್ನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಗೋಣಿಚೀಲದಲ್ಲಿ ತುಂಬಿಕೊಂಡು ಪೂವಪ್ಪನವರ ಮುಂದೆ ಸುರಿದು, “ನಂದ ಕೈತಪ್ಪ ಆತು” ಅಂದರಂತೆ. ನನ್ನ ಹೆಸರೇ ಎತ್ತಲಿಲ್ಲ. ಇದನ್ನು ಪೂವಪ್ಪನವರೇ ಮಾಟುಂಗದ ದೇವಸ್ಥಾನದಲ್ಲಿ ಸಿಕ್ಕಾಗ ಹೇಳಿದರು. ಅವರು ಚಾಕುಗಳನ್ನು ಬೇರೆಯವರಿಂದ ತರಿಸಿಕೊಂಡರು.

ಮನೆ ಬಿಡುವಾಗ ಅಳಿಯ ಅಂದದ್ದು ಇಷ್ಟೇ: “ಅತ್ತಿ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಇಲ್ಲೇ ಇದ್ರ ಬರ್ತದ. ಅದಕ್ಕ ಹೊಂಟೀನಿ.” ಇದನ್ನು ನಾನು ನಿನಗೆ ಬರೆಯಬೇಕಿತ್ತು. ಬೇರೆಯದನ್ನೇ ಬರೆದೆ. ನೀನು ನನ್ನ ಕಡೆ ಇರಬೇಕು ಅನ್ನಿಸಿತ್ತು.

ಮೊನ್ನೆ ಆದಿತ್ಯವಾರ ಚೆಂಬೂರಿಗೆ ಹೋಗಿದ್ದೆ. ಅಳಿಯ ಅಲ್ಲಿನ ಕಾರಖಾನೆಯಲ್ಲಿ ಹೆಲ್ಪರ್ ಆಗಿದ್ದಾರೆ, ಒಂದೇ ಖೋಲಿಯಲ್ಲಿ ಇನ್ನೂ ನಾಲ್ಕು ಜನರ ಜೊತೆ ಇರುತ್ತಾರೆ. ಬಹಳ ಇಳಿದಿದ್ದಾರೆ. ನನ್ನನ್ನು ಕಂಡು ಅವರು ಮೊದಲು ಕೇಳಿದ್ದು, “ಕೂಸು ಯಾರ ಹಂಗದ?” ಅಂತ. ನಾನೇ ನೋಡಿಲ್ಲ, ಏನು ಹೇಳಲಿ? “ನಿಮ್ಮ ಹಂಗ” ಅಂದೆ. ನಕ್ಕು, “ಹಂಗಾರ ಪಾಪ!” ಅಂದರು. ಆಮೇಲೆ ಗೋಡೆ ಕಡೆ ತಿರುಗಿ, “ಅಕಿ ಬರೂದಿಲ್ಲಂದ್ರ ಬಲವಂತ ಮಾಡಬ್ಯಾಡ್ರಿ” ಅಂದರು.

ದಾನವ್ವ, ನನ್ನ ಮೇಲೆ ಸಿಟ್ಟು ಮಾಡಿಕೋ, ಅವರ ಮೇಲೆ ಬೇಡ. ಕೂಸಿನ ಕೆಮ್ಮು ಬಿಟ್ಟ ಕೂಡಲೇ ಹೊರಡು. ಪುಣೆಯಲ್ಲಿ ಗಾಡಿ ಬದಲಿಸುವಾಗ ಗದ್ದಲ ಇರುತ್ತದೆ, ಗಂಟು ಬಿಟ್ಟರೂ ಕೂಸನ್ನು ಯಾರ ಕೈಗೂ ಕೊಡಬೇಡ. ಬರುವ ದಿನ ಯಾವುದು ಅಂತ ಅವರಿಗೇ ಬರೆ, ನನಗಲ್ಲ. ನೀನು ಬರುವುದು ಖಾತ್ರಿಯಾದರೆ ಬೇರೆ ಖೋಲಿ ಹಿಡಿಯುತ್ತಾರೆ, ದಾದರ್ ಸ್ಟೇಷನ್ನಿಗೂ ಅವರೇ ಬರುತ್ತಾರೆ. ಅಲ್ಲಿಂದ ಅವರ ಜೊತೆ ಹೋಗು. ನನ್ನ ಖೋಲಿಗೆ ಬಾ ಅಂತ ನಾನು ಕರೆಯುವುದಿಲ್ಲ. ಕೂಸಿನ ಮುಖ ಯಾವಾಗ ತೋರಿಸಬೇಕು ಅಂತ ನಿನಗೆ ಅನ್ನಿಸುತ್ತದೋ ಆಗ ತೋರಿಸು.

ನಿನ್ನ ದಾರಿಯ ಚಿಂತೆಯಲ್ಲೇ ಇರುವ,
ನಿನ್ನ ಅವ್ವ
ರುದ್ರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಅವತ್ತು ಅಮಾವಾಸ್ಯೆ ಮಧ್ಯಾಹ್ನಕ್ಕೇ ಮುಗಿದಿತ್ತು, ಭಟ್ಟರು ನನಗೆ ಹೇಳಿದ್ದರು. ಸಂಜೆ ಅಳಿಯ ಬಂದು, “ಅತ್ತಿ, ಮುಗೀತೇನ್ರಿ?” ಅಂತ ಕೇಳಿದಾಗ ಚಾಕುಗಳೆಲ್ಲ ಇಡಿಯಾಗಿಯೇ ಇದ್ದವು. ನಾನು “ಇನ್ನೂ ಇಲ್ಲ” ಅಂದೆ. ಈ ಚಾಕುಗಳು ಪೂವಪ್ಪನವರಿಗೆ ಒಪ್ಪಿಗೆಯಾದರೆ ನಿನ್ನನ್ನೂ ಕೂಸನ್ನೂ ಕರೆದುಕೊಂಡು ಬೇರೆ ಮನೆ ಮಾಡುತ್ತೇನೆ ಅಂತ ಅವರು ಆ ವಾರವಷ್ಟೇ ನನಗೆ ಹೇಳಿದ್ದರು.